ಬಿಸಿಲಿನಿಂದ ಬೆಸುಗೆ

ಕಬ್ಬಿಣದ ಗೇಟು, ಕಿಟಕಿಗಳನ್ನು ಮಾಡಿಕೊಡುವ ಸಣ್ಣ ವರ್ಕ್‌ಷಾಪಿನ ಯಜಮಾನನೊಬ್ಬನು, ಮಾಳಿಗೆಯ ಮೇಲೆ ನಿರರ್ಥಕವಾಗಿ ಸುರಿದುಹೋಗುತ್ತಿರುವ ಬಿಸಿಲಿನಿಂದಲೇ ತನ್ನ ವೆಲ್ಡಿಂಗ್ ಯಂತ್ರವನ್ನು ನಡೆಸಬಾರದೇಕೆ ಎಂದು ಕೇಳಿದರೆ, ಅದು ನಕ್ಕು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ಆದರೆ ಉತ್ತರಕ್ಕೆ ಮೊದಲು, ಶಕ್ತಿಯ ಮೊತ್ತ ಬೇರೆ, ಅದನ್ನು ವ್ಯಯಮಾಡುವ ವೇಗ ಬೇರೆ ಎಂಬ ಭೇದವನ್ನು ಆತನು ಮನಗಾಣಬೇಕು.

ರಾಡಿನ ತುದಿಗೂ ಲೋಹಕ್ಕೂ ನಡುವೆ ಹೊತ್ತಿಕೊಳ್ಳುವ ವಿದ್ಯುಚ್ಚಾಪವು, ಸುಮಾರು 1500 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ದ್ರವಿಸುವ ಉಕ್ಕನ್ನು ಕಣ್ಣೆದುರಿಗೇ ಕರಗಿಸುವಷ್ಟು ಪ್ರಖರವಾದುದಾದರೂ, ಅದಕ್ಕೆ ಬೇಕಾಗುವ ವೋಲ್ಟೇಜು 25ರ ಆಸುಪಾಸಿನದು. ಅದು ಬೇಡುವುದೆಲ್ಲ ಪ್ರವಾಹದ ಪ್ರಾಚುರ್ಯವನ್ನು. ಅಂಗಡಿಗಳಲ್ಲಿ ಸರ್ವೇಸಾಧಾರಣವಾದ 3.15 ಮಿಲಿಮೀಟರಿನ ರಾಡಿಗೆ ಸುಮಾರು 110 ಆಂಪಿಯರ್ ಬೇಕು. ಇವೆರಡನ್ನೂ ಗುಣಿಸಿ, ಯಂತ್ರದೊಳಗೆ ನಷ್ಟವಾಗುವುದನ್ನೂ ಕೂಡಿಸಿದರೆ, ಚಾಪವು ಉರಿಯುವಷ್ಟು ಹೊತ್ತು 3 ಕಿಲೋವ್ಯಾಟಿಗೂ ಮೀರಿದ ಬೇಡಿಕೆಯಾಯಿತು. ಆದರೆ ಒಂದು ರಾಡು ಉರಿದು ತೀರುವುದು ನಿಮಿಷಕ್ಕಿಂತ ತುಸು ಹೆಚ್ಚು ಕಾಲದಲ್ಲಿ. ಆದುದರಿಂದ ಒಂದು ಯೂನಿಟ್ ವಿದ್ಯುತ್ತಿನಲ್ಲಿ ಸುಮಾರು 15 ರಾಡುಗಳು ಖರ್ಚಾದಾವು. ನಮ್ಮ ಬಯಲುಸೀಮೆಯಲ್ಲಿ 1 ಕಿಲೋವ್ಯಾಟಿನ ಸೌರಫಲಕಗಳು ದಿನವೊಂದಕ್ಕೆ ಸರಾಸರಿ 4 ಯೂನಿಟ್ ಕೊಡುತ್ತವೆಂದರೆ, ಲೆಕ್ಕಕ್ಕೆ 60 ರಾಡುಗಳ ಕೆಲಸ ಅದರಲ್ಲಿ ಅಡಗಿದೆ. ಆದರೂ ಅದೇ ಫಲಕಗಳು ನಡುಮಧ್ಯಾಹ್ನದ ಸುಡುಬಿಸಿಲಿನಲ್ಲಿಯೂ ಆ ಒಂದು ರಾಡಿನ ಚಾಪವನ್ನು ನೇರವಾಗಿ ಉರಿಸಲಾರವು.

ಸಣ್ಣ ಒರತೆಯ ನೀರನ್ನು ತೊಟ್ಟಿಯಲ್ಲಿ ತುಂಬಿಸಿಕೊಂಡು ತೂಬು ತೆಗೆದು ಗದ್ದೆಗೆ ಹಾಯಿಸುವಂತೆ, ಇಲ್ಲಿಯೂ ನಡುವೆ ಒಂದು ಸಂಗ್ರಹ ಅವಶ್ಯಕ, ಅದೇ ಬ್ಯಾಟರಿ. ಇದು ನೂತನ ಕಲ್ಪನೆಯೇನೂ ಅಲ್ಲ. 1881ರಲ್ಲಿ ಫ್ರಾನ್ಸಿನ ಒಗ್ಯುಸ್ತ್ ದ ಮೆರಿತಾನ್ಸ್ ವಿದ್ಯುಚ್ಚಾಪದಿಂದ ಬೆಸೆದದ್ದು ಬ್ಯಾಟರಿಯ ಸೀಸದ ಫಲಕಗಳನ್ನೇ. ಆ ಬಳಿಕ ಚಾಪದ ಬೆಸುಗೆಗೆ ಹಕ್ಕುಪತ್ರ ಪಡೆದ ರಷ್ಯದ ಬೆನಾರ್ಡೋಸ್ ತನ್ನ ಬೆಸುಗೆಗೆ ಬಳಸಿದ್ದೂ ಬ್ಯಾಟರಿಗಳ ಸಾಲನ್ನೇ. ಇಂದಿಗೂ 12 ವೋಲ್ಟಿನ ಮೂರು ಕಾರ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ, ಯಾವ ಯಂತ್ರವೂ ಇಲ್ಲದೆ, ದಾರಿಯಲ್ಲಿ ಮುರಿದ ವಾಹನವನ್ನು ಬೆಸೆದುಕೊಳ್ಳುವ ಸಾಹಸಿಗರುಂಟು. ಅನುಕರಣೀಯವಾದ ಪದ್ಧತಿ ಇದಲ್ಲ: ಸೀಸದ ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ತಾಗಿದರೆ ಸ್ಫೋಟವೇ ಸಂಭವಿಸೀತು, ಅಷ್ಟು ರಭಸದಿಂದ ವಿದ್ಯುತ್ತನ್ನು ಸೆಳೆದರೆ ಅದರ ಆಯುಸ್ಸೂ ಕುಗ್ಗುತ್ತದೆ.

ಬ್ಯಾಟರಿಯು ದುಬಾರಿ, ತುಂಬಿಸಿ ತೆಗೆಯುವುದರಲ್ಲಿ ಒಂದು ಪಾಲು ಸೋರಿಹೋಗುವುದೂ ನಿಶ್ಚಿತ. ಆದುದರಿಂದ ಲೈನಿನ ಕರೆಂಟು ಇರುವ ಊರಿನಲ್ಲಿ, ಫಲಕಗಳ ಉತ್ಪನ್ನವನ್ನು ಲೈನಿಗೇ ಸೇರಿಸಿ, ಬೇಕಾದಾಗ ಲೈನಿನಿಂದಲೇ ಸೆಳೆದುಕೊಳ್ಳುವ ನೆಟ್ ಮೀಟರಿಂಗ್ ವ್ಯವಸ್ಥೆಯೇ ಮೇಲು. ಇದರಲ್ಲಿ ಅನೇಕರು ಅರಿಯದ ಒಂದು ನಿರ್ಬಂಧವುಂಟು: ಲೈನಿನಲ್ಲಿ ಕರೆಂಟು ಹೋದೊಡನೆ, ಕಂಬ ಹತ್ತಿದ ಕೆಲಸಗಾರನ ಪ್ರಾಣರಕ್ಷಣೆಗಾಗಿ, ಫಲಕಗಳ ವಿದ್ಯುತ್ತನ್ನು ಲೈನಿಗೆ ಹೊಂದಿಸಿ ಸೇರಿಸುವ ಇನ್ವರ್ಟರು ತಾನೂ ಸ್ತಬ್ಧವಾಗುತ್ತದೆ, ಬಿಸಿಲಿದ್ದರೂ ಬೆಸುಗೆ ನಡೆಯದು.

ಯಜಮಾನನಿಗೆ ನನ್ನ ಸಲಹೆ ಇಷ್ಟೇ: ಕೆಲಸವಿಲ್ಲದಾಗಲೂ ಕರೆಂಟು ನುಂಗುವ ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರವನ್ನು ಬಿಟ್ಟು ಇನ್ವರ್ಟರ್ ಮಾದರಿಯ ವೆಲ್ಡಿಂಗ್ ಯಂತ್ರವನ್ನು ಮೊದಲು ಕೊಳ್ಳಲಿ, ಫಲಕಗಳನ್ನು ಅನಂತರ ಹಾಕಿಸಲಿ, ಬ್ಯಾಟರಿಗೆ ಹಣ ಸುರಿಯುವುದು ಲೈನು ತಲುಪದ ಎಡೆಗಳಲ್ಲಿ ಮಾತ್ರ ಯುಕ್ತ.