ಬಿಸಿಲೂರಿನ ಆಕಾಶದಲ್ಲೂ ಹಿಮದ ಕಾಟ!

ಸ್ಕೂಟರ್ ದಾರಿಯಲ್ಲಿ ನಿಂತರೆ ಹೊಸಪೇಟೆಯವರು ಹೆದರುವುದಿಲ್ಲ. ಪಕ್ಕಕ್ಕೆ ತಳ್ಳಿ ಗ್ಯಾರೇಜಿನವನನ್ನು ಕರೆದರಾಯಿತು. ಆತ ಕಾರ್ಬುರೇಟರ್ ಬಿಚ್ಚಿ, ಜೆಟ್ಟಿಗೆ ಊದಿ, 'ಕಚರಾ ಕೂತೈತ್ರಿ' ಅಂತಾನೆ. ಆದರೆ ಅದೇ ಕಾರ್ಬುರೇಟರ್ ಮೂರು ಸಾವಿರ ಅಡಿ ಮೇಲೆ ಕೈಕೊಟ್ಟರೆ? ಕೆಳಗೆ ಹಂಪಿಯಾದರೆ ಬಂಡೆ, ಸಂಡೂರಾದರೆ ಗುಡ್ಡ, ಕಂಪ್ಲಿಯಾದರೆ ನೀರು ನಿಂತ ಭತ್ತದ ಗದ್ದೆ. ಇಳಿಯೋದೆಲ್ಲಿ?

ವಿಮಾನಕ್ಕೂ ಕಾರ್ಬುರೇಟರ್ ಉಂಟೇ ಎಂದು ಕೇಳುವವರುಂಟು. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ಬಂದ ಎಟಿಆರ್ ವಿಮಾನಕ್ಕಿಲ್ಲ. ಅದರದು ಟರ್ಬೈನ್ ಎಂಜಿನ್. ಆದರೆ ತರಬೇತಿಯ ಸಣ್ಣ ವಿಮಾನಗಳಲ್ಲಿ ಹಲವಕ್ಕೆ ಉಂಟು. ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿದ, 1958ರಲ್ಲಿ ಮೊದಲು ಹಾರಿದ ಎರಡು ಸೀಟಿನ 'ಪುಷ್ಪಕ್'ನ 90 ಅಶ್ವಶಕ್ತಿಯ ಎಂಜಿನ್ನಿಗೆ ಪೆಟ್ರೋಲು ಉಣಿಸುತ್ತಿದ್ದುದು ಕಾರ್ಬುರೇಟರ್ರೇ. ಫ್ಲೈಯಿಂಗ್ ಕ್ಲಬ್‌ಗಳ ಹುಡುಗರು ಹಾರಲು ಕಲಿತದ್ದು ಇಂಥವುಗಳಲ್ಲೇ.

ಒಳಗಿನ ಕಥೆ ಸರಳ. ಒಂದು ಬಟ್ಟಲು, ಅದರಲ್ಲಿ ತೇಲುಬುರುಡೆ, ಮನೆ ಮೇಲಿನ ನೀರಿನ ಟ್ಯಾಂಕಿನಂತೆ. ಪಕ್ಕದ ಕಿರಿದಾದ ಗಂಟಲಲ್ಲಿ ಗಾಳಿ ರಭಸದಿಂದ ನುಗ್ಗಿ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಪೆಟ್ರೋಲು ಆವಿಯಾಗುವಾಗ ಸುತ್ತಲ ಶಾಖ ಹೀರುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ. ಹೀಗೆ ಗಂಟಲಿನ ಉಷ್ಣತೆ 20 ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ಹೊರಗೆ 20 ಡಿಗ್ರಿ ಆಸುಪಾಸು ಇದ್ದು, ಗಾಳಿಯಲ್ಲಿ ತೇವ ತುಂಬಿದ್ದರೆ ಸಾಕು, ಒಳಗೆ ಹಿಮ ಕಟ್ಟುತ್ತದೆ. ಮೋಡವೇ ಬೇಕಿಲ್ಲ. ಇಳಿಯಲೆಂದು ಥ್ರಾಟಲ್ ತಗ್ಗಿಸಿದಾಗಲೇ ಇದರ ಕಾಟ ಜಾಸ್ತಿ.

ಮದ್ದೂ ಉಂಟು. ಒಂದು ಲಿವರ್ ಎಳೆದರೆ ಹೊಗೆಕೊಳವೆಯ ಸುತ್ತಲ ಬಿಸಿಗಾಳಿ ಕಾರ್ಬುರೇಟರಿಗೆ ಬರುತ್ತದೆ. ಹಿಮ ಕರಗಿದ ನೀರು ಒಳಹೋದಾಗ ಎಂಜಿನ್ ಇನ್ನಷ್ಟು ಗೊರಗುಟ್ಟುತ್ತದೆ. ಹೊಸಬರು ಎಡವುವುದು ಇಲ್ಲೇ. ಗಾಬರಿಯಿಂದ ಲಿವರ್ ವಾಪಸ್ ತಳ್ಳಿದರೆ ಕೆಟ್ಟಿತು. ತಾಳ್ಮೆಯಿಂದ ಎಳೆದೇ ಹಿಡಿದರೆ ಸುಧಾರಿಸುತ್ತದೆ.

ಆದ್ದರಿಂದಲೇ ಎಚ್ಚರಿಕೆ ನೆಲದ ಮೇಲೇ ಶುರು. ಹಾರುವ ಮುನ್ನ ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲು ಬಸಿದು, ನೀರು ಸೇರಿದೆಯೇ ನೋಡಬೇಕು. ಎಂಜಿನ್ ಓಡಿಸಿ ಬಿಸಿಗಾಳಿಯ ಲಿವರ್ ಎಳೆದಾಗ ಸುತ್ತುಗಳು ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ ಬಿಸಿಗಾಳಿ ತಲುಪುತ್ತಿಲ್ಲ ಎಂದರ್ಥ. ಎಂಜಿನ್ ಆರಿಸುವಾಗ ಪೆಟ್ರೋಲಿನ ಲಿವರನ್ನು ನಿಧಾನವಾಗಿ ಎಳೆದರೆ, ನಿಲ್ಲುವ ಮುಂಚೆ ಸುತ್ತುಗಳು ಸಾಮಾನ್ಯವಾಗಿ 25ರಿಂದ 50ರಷ್ಟು ಏರುತ್ತವೆ. ಅದಕ್ಕಿಂತ ಹೆಚ್ಚು ಏರಿದರೆ ಪೆಟ್ರೋಲು ಜಾಸ್ತಿ. ಏರದೇ ಇದ್ದರೆ ಕಮ್ಮಿ. ಸರಿಯಾದ ಲೆಕ್ಕ ಆಯಾ ಎಂಜಿನ್ನಿನ ಪುಸ್ತಕದಲ್ಲಿರುತ್ತದೆ.

ಹಾಗಂತ ಯಾರು ಬೇಕಾದರೂ ಸ್ಕ್ರೂಡ್ರೈವರ್ ಹಿಡಿಯುವಂತಿಲ್ಲ. ಕಿವಿಯ ಅಂದಾಜಿಗೆ ಕಾಲು ಸುತ್ತು ತಿರುಗಿಸುವ ಗ್ಯಾರೇಜಿನ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಲೈಸೆನ್ಸ್ ಪಡೆದ ಎಂಜಿನಿಯರ್ ಕೆಲಸ ನೋಡಿ ಲಾಗ್ ಪುಸ್ತಕದಲ್ಲಿ ಸಹಿ ಹಾಕಬೇಕು. ತಿರುಗಿಸಿದ್ದು ಸಣ್ಣ ತಿರುಪೇ ಇರಬಹುದು. ಸಹಿ ಮಾತ್ರ ಎರಡು ಜೀವದ ಜಾಮೀನು.