ಬೊಜ್ಜು ಏಕೆ ಬರುತ್ತದೆ?

ದಪ್ಪಗಿರುವವರನ್ನು ಕಂಡು ನಗುವುದು ನಮ್ಮಲ್ಲಿ ಬಹುಕಾಲದಿಂದ ಬಂದ ಅಭ್ಯಾಸ. ಹೊಟ್ಟೆಗೆ ದಿಂಬು ಕಟ್ಟಿಕೊಂಡ ಪಾತ್ರವೊಂದು ರಂಗಕ್ಕೆ ಬಂದರೆ ಸಾಕು, ಸಭೆಯೆಲ್ಲ ನಗುತ್ತದೆ. ನಾನೂ ಈ ದೋಷಕ್ಕೆ ಹೊರತಲ್ಲ. ಹಾಸ್ಟೆಲಿನ ಗೆಳೆಯನೊಬ್ಬನಿಗೆ ‘ಡೊಳ್ಳು’ ಎಂದು ಹೆಸರಿಟ್ಟವನು ನಾನೇ. ಈ ವರ್ಷ ಅವನು ಯಾರಿಗೂ ಹೇಳದೆ ರಾತ್ರಿಯ ಊಟ ಬಿಟ್ಟನು. ಒಂದು ದಿನ ಬೆಳಗಿನ ತರಗತಿಯಲ್ಲಿ ತಲೆಸುತ್ತಿ ಬಿದ್ದನು. ಬೊಜ್ಜಿನ ಕಾರಣಗಳನ್ನು ತಿಳಿಯಬೇಕೆಂಬ ಹಂಬಲ ನನಗೆ ಹುಟ್ಟಿದುದು ಅಂದು. ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಲೆಕ್ಕವೇನೋ ಸರಳವಾದುದು. ಆಹಾರದಿಂದ ಬಂದ ಶಕ್ತಿಯಲ್ಲಿ ಖರ್ಚಾಗದೆ ಉಳಿದುದನ್ನು ದೇಹವು ಕೊಬ್ಬಾಗಿ ಕೂಡಿಡುತ್ತದೆ. ಒಂದು ಗ್ರಾಂ ಪಿಷ್ಟದಿಂದ 4 ಕಿಲೋಕ್ಯಾಲೊರಿ ದೊರೆತರೆ, ಒಂದು ಗ್ರಾಂ ಎಣ್ಣೆಯಿಂದ 9 ದೊರೆಯುತ್ತದೆ. 100 ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ 90ರಷ್ಟು ಕಿಲೋಕ್ಯಾಲೊರಿಗಳಿದ್ದರೆ, ಅಷ್ಟೇ ತೂಕದ ಚಿಪ್ಸಿನಲ್ಲಿ 500ಕ್ಕೂ ಹೆಚ್ಚು. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ, ಎಂದರೆ ಆರು ಚಮಚ ಸಕ್ಕರೆಯಿರುತ್ತದೆ. ಅದನ್ನು ಕುಡಿದ ಮೇಲೂ ಊಟ ಕಡಮೆಯಾಗುವುದಿಲ್ಲ.

ಹಾಗಾದರೆ ಇದೆಲ್ಲ ತಿನ್ನುವವನ ಆಸೆಬುರುಕತನವೇ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಅವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬೇರೆಯೇ ಉತ್ತರವನ್ನು ಕೊಡುತ್ತದೆ. ಅವರು 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಸಿದ್ಧವಾದ ಆಹಾರವನ್ನೂ, ಎರಡು ವಾರ ಸಾದಾ ಅಡಿಗೆಯನ್ನೂ ಬಡಿಸಿದರು. ಎರಡರಲ್ಲಿಯೂ ಬಡಿಸಿದ ಶಕ್ತಿ, ಸಕ್ಕರೆ, ಕೊಬ್ಬು, ನಾರುಗಳ ಪ್ರಮಾಣ ಒಂದೇ. ತಿನ್ನುವುದು ಮಾತ್ರ ಅವರವರ ಇಷ್ಟ. ಕಾರ್ಖಾನೆಯ ಆಹಾರ ಬಡಿಸಿದಾಗ ಅದೇ ಜನರು ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿ ಹೆಚ್ಚು ತಿಂದರು. ತೂಕದಲ್ಲಿ ಸುಮಾರು 900 ಗ್ರಾಂ ಏರಿದರು. ಸಾದಾ ಅಡಿಗೆಯಲ್ಲಿ ಅಷ್ಟೇ ಇಳಿದರು. ಮನುಷ್ಯರು ಬದಲಾಗಲಿಲ್ಲ, ತಟ್ಟೆ ಬದಲಾಯಿತು.

ಇತರ ಕಾರಣಗಳೂ ಉಂಟು. ವಂಶದ ಗುಣ, ದಿನವಿಡೀ ಕುಳಿತಿರುವುದು, ನಿದ್ರೆಗೇಡು, ಥೈರಾಯ್ಡ್ ಗ್ರಂಥಿಯ ದೋಷ, ಸ್ಟೀರಾಯ್ಡಿನಂಥ ಔಷಧಿಗಳು ಇವೆಲ್ಲವೂ ತೂಕವನ್ನು ಏರಿಸಬಲ್ಲವು. ಕೊಬ್ಬಿನ ಜೀವಕೋಶಗಳು ಲೆಪ್ಟಿನ್ ಎಂಬ ರಸದ ಮೂಲಕ ಮೆದುಳಿಗೆ ಸುದ್ದಿ ಕಳುಹಿಸುತ್ತವೆಂಬುದು 1994ರಲ್ಲಿ ಬೆಳಕಿಗೆ ಬಂದಿತು. ತೂಕ ಇಳಿದರೆ ಲೆಪ್ಟಿನ್ ಕಡಮೆಯಾಗಿ ಹಸಿವು ಹೆಚ್ಚುತ್ತದೆ. ಉಪವಾಸದಿಂದ ಇಳಿದ ತೂಕ ಬಹುಮಟ್ಟಿಗೆ ಹಿಂದಿರುಗುವುದು ಮನಸ್ಸು ದುರ್ಬಲವಾದುದರಿಂದಲ್ಲ. ದೇಹವೇ ಅದನ್ನು ಮರಳಿ ಬೇಡುತ್ತದೆ.

ಹಾಗೆಂದು ನಮ್ಮ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಬೊಜ್ಜು ಮಧುಮೇಹಕ್ಕೂ ರಕ್ತದ ಒತ್ತಡಕ್ಕೂ ಹೃದ್ರೋಗಕ್ಕೂ ದಾರಿಮಾಡುವುದರಿಂದ ಎಚ್ಚರಿಕೆ ಅವಶ್ಯ. ಆದರೆ ಊಟ ಬಿಡುವುದಕ್ಕಿಂತ ಪೊಟ್ಟಣದ ತಿಂಡಿಯನ್ನೂ ಸಿಹಿ ಪಾನೀಯವನ್ನೂ ಬಿಡುವುದು ಲೇಸು. ಸೊಪ್ಪು, ಹುರುಳಿ, ಕಡಲೆಕಾಳುಗಳಲ್ಲಿರುವ ನಾರು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಸಿಡುತ್ತದೆ. ಜೊತೆಗೆ ನಡಿಗೆ, ಸಾಕಷ್ಟು ನಿದ್ರೆ, ಬೇಕಾದರೆ ವೈದ್ಯರ ಸಲಹೆ ಇವಿಷ್ಟು ನಮ್ಮ ಶಕ್ತಿಗೆ ಮೀರಿದವಲ್ಲ.

ನನ್ನ ಗೆಳೆಯನು ಈಗ ರಾತ್ರಿ ಊಟಕ್ಕೆ ಬರುತ್ತಾನೆ. ಸಂಜೆ ಇಬ್ಬರೂ ಕೂಡಿ ಊರಾಚೆಯ ಕೆರೆಯವರೆಗೆ ನಡೆದು ಬರುತ್ತೇವೆ. ನಾನಿಟ್ಟ ಹೆಸರನ್ನು ನಾನೇ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಉಳಿದ ಗೆಳೆಯರೂ ಹಾಗೆಯೇ ಮಾಡಬೇಕೆಂದು ಬೇಡುತ್ತೇನೆ.