ಸೋರುವ ವಾಲ್ವಿಗೆ ಸ್ಪ್ಯಾನರ್ ಹಾಕುವ ಮುನ್ನ

ಕುಚ್ಚಲಕ್ಕಿ ಗಿರಣಿಯಿರಲಿ, ಬಟ್ಟೆಗೆ ಬಣ್ಣ ಹಾಕುವ ಘಟಕವಿರಲಿ, ಉಗಿ ವಾಲ್ವಿನ ಸ್ಪಿಂಡಲ್ ಬಳಿ ಬಿಳಿಯ ಹಬೆ ಕಂಡೊಡನೆ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಗ್ಲ್ಯಾಂಡಿನ ನಟ್ಟುಗಳನ್ನು ಬಲವಾಗಿ ಬಿಗಿಯುವುದು ರೂಢಿ. ಸೋರಿಕೆಯೇನೋ ಅಂದಿಗೆ ನಿಲ್ಲುತ್ತದೆ. ಮುಂದೆ ವಾಲ್ವನ್ನೇ ಬದಲಿಸಬೇಕಾಗಿ ಬರುವುದೂ ಅನೇಕ ವೇಳೆ ಇದರಿಂದಲೇ.

ಸ್ಪಿಂಡಲಿನ ಸುತ್ತಲಿನ ಸ್ಟಫಿಂಗ್ ಬಾಕ್ಸಿನಲ್ಲಿ ಪ್ಯಾಕಿಂಗ್ ಉಂಗುರಗಳಿರುತ್ತವೆ. ಗ್ಲ್ಯಾಂಡ್ ಅವುಗಳನ್ನು ಮೇಲಿನಿಂದ ಅದುಮಿದಾಗ ಅವು ಅಡ್ಡಕ್ಕೆ ಉಬ್ಬಿ ಸ್ಪಿಂಡಲನ್ನು ಅಪ್ಪುತ್ತವೆ. ಉಗಿಯನ್ನು ತಡೆಯುವುದು ಈ ಅಪ್ಪುಗೆಯೇ. ಆದರೆ ಬೋಲ್ಟಿನ ಬಲ ಮೇಲಿನ ಉಂಗುರಗಳ ಮೇಲೆ ಹೆಚ್ಚು, ತಳಕ್ಕೆ ಹೋದಂತೆ ಕಡಿಮೆ. ಆದಕಾರಣ ಅತಿಯಾಗಿ ಬಿಗಿದರೆ ಮೇಲಿನ ಉಂಗುರ ಜಜ್ಜಿಹೋಗಿ, ಕೈಚಕ್ರ ತಿರುಗಿಸುವುದೇ ಕಷ್ಟವಾಗುತ್ತದೆ. ಒಂದೇ ಬದಿಯನ್ನು ಬಿಗಿದರಂತೂ ಗ್ಲ್ಯಾಂಡ್ ಓರೆಯಾಗಿ ಸ್ಪಿಂಡಲಿಗೆ ಉಜ್ಜುತ್ತದೆ. ಗೀರು ಬಿದ್ದ ಸ್ಪಿಂಡಲು ಎಂತಹ ಬೆಲೆಬಾಳುವ ಪ್ಯಾಕಿಂಗನ್ನೂ ಬೇಗನೆ ಸವೆಸುತ್ತದೆ.

ಆರು ಮುಖದ ನಟ್ಟನ್ನು ಒಮ್ಮೆಗೆ ಒಂದು ಮುಖದಷ್ಟು, ಎಂದರೆ 60 ಡಿಗ್ರಿ ಮೀರದಂತೆ, ಈ ಬದಿ ಆ ಬದಿ ಎಂದು ಸರದಿಯಲ್ಲಿ ತಿರುಗಿಸಬೇಕು. ಸ್ಪಿಂಡಲಿನ ಸುತ್ತಲಿನ ಸಂದು ಸಮನಾಗಿದೆಯೇ ಎಂದು ನೋಡಿ, ಕೈಚಕ್ರವನ್ನು ತುಸು ಆಡಿಸಿ ಪರೀಕ್ಷಿಸಬೇಕು. ಸೋರಿಕೆ ನಿಂತಲ್ಲಿಗೆ ಕೆಲಸ ಮುಗಿಯಿತು. 'ಇನ್ನೊಂದು ಸುತ್ತು ಇರಲಿ' ಎಂಬ ಫಿಟ್ಟರನ ಔದಾರ್ಯ ಇಲ್ಲಿ ಬಲು ದುಬಾರಿ. (ಪಂಪಿನ ಮಾತು ಬೇರೆ. ಅಲ್ಲಿ ತಿರುಗುವ ಶಾಫ್ಟ್ ತಂಪಾಗಿರಲು ಗ್ಲ್ಯಾಂಡಿನಿಂದ ಹನಿಹನಿ ನೀರು ತೊಟ್ಟಿಕ್ಕುತ್ತಿರಲೇಬೇಕು.)

7 ಬಾರ್ ಒತ್ತಡದ ಉಗಿಯ ಉಷ್ಣತೆ ಸುಮಾರು 170 ಡಿಗ್ರಿ ಸೆಲ್ಸಿಯಸ್. ತುಕ್ಕು ತಿಂದ ಬೋಲ್ಟು ಬಿಗಿಯುವಾಗ ತುಂಡಾದರೆ ಗ್ಲ್ಯಾಂಡ್ ಮೇಲೆದ್ದು, ಉಗಿ ನೇರವಾಗಿ ಕಾರ್ಮಿಕನ ಮುಖಕ್ಕೆ ಹಾಯುತ್ತದೆ. ಅಂತಹ ಬೋಲ್ಟನ್ನು ಒತ್ತಡವಿರುವಾಗ ಮುಟ್ಟಕೂಡದು. ಗ್ಲ್ಯಾಂಡ್ ಪೂರ್ತಿ ಕೆಳಗಿಳಿದು ಬಿಗಿಯಲು ಎಡೆಯೇ ಉಳಿದಿಲ್ಲವೆಂದರೆ ಪ್ಯಾಕಿಂಗಿನ ಆಯುಷ್ಯ ತೀರಿದಂತೆ. ಲೈನನ್ನು ನಿಲ್ಲಿಸಿ, ಉಗಿ ಬಿಟ್ಟು, ತಣಿದ ಮೇಲೆ ಹಳೆಯ ಉಂಗುರಗಳನ್ನೆಲ್ಲ ತೆಗೆಯಬೇಕು. ಹಳೆಯದರ ಮೇಲೆ ಒಂದೆರಡು ಹೊಸತನ್ನು ತುರುಕುವುದು ಉಳಿತಾಯವಲ್ಲ. ಹೊಸ ಉಂಗುರಗಳನ್ನು ಒಂದೊಂದಾಗಿ ಕೂರಿಸಿ, ಕೀಲುಗಳು ಒಂದರ ಮೇಲೊಂದು ಬಾರದಂತೆ 90 ಡಿಗ್ರಿ ಸರಿಸುತ್ತ ಹೋಗಬೇಕು. ವಾಲ್ವು ಕಾದ ಮೇಲೆ ಪ್ಯಾಕಿಂಗ್ ತುಸು ಕುಗ್ಗುವುದರಿಂದ ನಟ್ಟುಗಳನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಅವಶ್ಯ.

ಪ್ಯಾಕಿಂಗ್ ಮಾರುವ ವರ್ತಕರು ಉಗಿಯ ಒತ್ತಡ, ಉಷ್ಣತೆಗಳನ್ನು ಕೇಳಿಯೇ ಮಾಲು ಕೊಡುವುದು ಲೇಸು. ಅಳತೆಯ ಲೆಕ್ಕ ಸುಲಭ: ಬಾಕ್ಸಿನ ಒಳವ್ಯಾಸದಿಂದ ಸ್ಪಿಂಡಲಿನ ವ್ಯಾಸ ಕಳೆದು ಅರ್ಧ ಮಾಡಬೇಕು. 41 ಮಿ.ಮೀ. ಬಾಕ್ಸಿಗೆ, 25 ಮಿ.ಮೀ. ಸ್ಪಿಂಡಲಿಗೆ ಬೇಕಾದುದು 8 ಮಿ.ಮೀ. ಪ್ಯಾಕಿಂಗ್.